ಪರದೇಶದಾಕಿಗೆ ಎಣ್ಣಿಗಾಯಿ

ತಾನು ಮಾಡುತ್ತಿರುವುದು ಪಾಪವೋ ಏನೋ ಎಂಬ ಚಿಂತೆ ಶಿವಗಂಗಾಳಿಗೆ ಇರಲಿಲ್ಲ. ಖಾರ ಸಾಲದೆ ಹೋದರೆ ಹೇಗೆ ಎಂಬುದೊಂದೇ ಚಿಂತೆ.

ಒರಳಿಗೆ ಇನ್ನೊಂದು ಹಿಡಿ ಗುಂಟೂರು ಮೆಣಸಿನಕಾಯಿ ಸುರಿದು ಕುಟ್ಟಿದಳು. ಅದರ ಮೇಲೆ ತಮ್ಮ ಹೊಲದ ಬ್ಯಾಡಗಿ. ಬ್ಯಾಡಗಿಯದು ಬರೀ ಬಣ್ಣ, ಉರಿಯೆಲ್ಲ ಗುಂಟೂರಿನದು. ಕುಬಿಹಾಳದಲ್ಲಿ ಎಣ್ಣಿಗಾಯಿ ಹೇಗೂ ಕೆಂಪಗೇ ಇರುತ್ತದೆ, ನೋಡಿದವರಿಗೆ ತಿಳಿಯುವಂತಿರಲಿಲ್ಲ. ಸೀಳಿದ ಬದನೆಕಾಯಿಗಳಿಗೆ ಒತ್ತಿ ಒತ್ತಿ ತುಂಬಿದಳು.

ಪಡಸಾಲೆಯಿಂದ ಆ ಪರದೇಶದ ಹುಡುಗಿಯ ನಗು ಕೇಳಿಸಿತು. ಶಿವಗಂಗಾ ಇನ್ನೊಂದು ಚಿಟಿಕೆ ಹಾಕಿದಳು.

ತಂದೆ ಹೋದ ಮೇಲೆ ಮನೆ ಕಾಕಾ ಕುಬೇರಪ್ಪನ ಕೈಯಲ್ಲಿತ್ತು. ದಿನಾ ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದ ಶಿವಗಂಗಾಳಿಗೆ ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಹೆಸರು ಹಚ್ಚಿ ಬರುತ್ತೇನೆಂದು ಹೋದ ಕಾಕಾ ಸಂಜೆ ಬಸ್ಸಿಗೆ ಇಳಿದು ಬಂದವನೇ ರುಮಾಲು ಗೂಟಕ್ಕೆ ಹಾಕಿದ್ದ.

“ನಿನ್ನ ಸೀಟು ಯಾವಾಕಿನೋ ಪರದೇಶದಾಕಿಗೆ ಕೊಟ್ಟಾರಬೇ. ದಿಲ್ಲಿಯಿಂದ ಹುಕುಂ ಅಂತ. ನಾವೇನು ಮಾಡೂಣು?”

ಓದು ನಿಂತಿತು. ಯುಗಾದಿ ಆದ ಮೇಲೆ ಕಾಕಾನ ಹೆಂಡತಿಯ ತಮ್ಮನಿಗೆ ಅವಳನ್ನು ಕೊಡುವುದೆಂದು ಮಾತೂ ಆಯಿತು. ಶಿವಗಂಗಾ ತಲೆ ಎತ್ತಲಿಲ್ಲ. ಮುಖ ನೋಡದ ಆ ಹುಡುಗಿಯನ್ನು ಮಾತ್ರ ಮನಸ್ಸಿನಲ್ಲೇ ದಿನಾ ಬೈದಳು. ಬಾಯಿ ಬಿಟ್ಟು ಬೈಯುವುದು ಅವಳಿಗೆ ಹುಟ್ಟಾ ಬಂದಿರಲಿಲ್ಲ.

ಮೊನ್ನೆ ಆ ಮುಖವೇ ಮನೆಗೆ ಬಂತು.

ಹೆಸರು ತ್ಸೆಹಾಯ್. ಇಥಿಯೋಪಿಯಾದವಳು. ಧಾರವಾಡದಲ್ಲಿ ಅದೇ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು, ಮೆಣಸಿನಕಾಯಿ ಬೆಳೆ ನೋಡಲು ಬಂದಿದ್ದಳು. ಊರ ಪಂಚಾಯ್ತಿ ಚೇರಮನ್ ಹೊಳೆಪ್ಪನೇ ಕರೆತಂದು, “ಕುಬೇರಪ್ಪಾ, ನಿನ್ನ ಮನ್ಯಾಗ ಇಳಿಸ್ಕೋ. ಊರ ಮರ್ಯಾದಿ ಪ್ರಶ್ನೆ” ಎಂದ. ಕಾಕಾನ ಮುಖ ಸಣ್ಣಗಾಯಿತು. ಒಲ್ಲೆ ಎನ್ನಲು ಬರಲಿಲ್ಲ. ಶಿವಗಂಗಾಳನ್ನು ಬದಿಗೆ ಕರೆದು, “ಅಕಿ ಜೋಡಿ ಭಾಳ ಮಾತಿಗೆ ನಿಂದ್ರಬ್ಯಾಡ. ಸುಮ್ನ ಹೊಟ್ಟಿ ಉರಿಸ್ಕೋತಿ” ಎಂದ.

ಅಜ್ಜಿ ಮಲ್ಲಕ್ಕನಿಗೆ ಹೆಸರು ನಾಲಿಗೆಗೆ ಹತ್ತಲಿಲ್ಲ. “ಸಹಾಯವ್ವ” ಎಂದು ಕರೆದಳು. ಮರುದಿನ ಮುಂಜಾನೆ ಆ ಸಹಾಯವ್ವ ರೊಟ್ಟಿ ಮುರಿದು, ಪಲ್ಯ ಸುತ್ತಿ, ತಾನು ತಿನ್ನದೆ ಅಜ್ಜಿಯ ಬಾಯಿಗೇ ಇಟ್ಟಳು.

“ಯವ್ವಾ, ಇದೇನ ಎಂಜಲಾ ಮುಸುರಿ!”

ತಮ್ಮ ಕಡೆ ಹಾಗೇ ಪದ್ಧತಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು ತ್ಸೆಹಾಯ್. ಶಿವಗಂಗಾ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು: ಮನೆಯ ಹಿರಿಯರಿಗೆ ಕೈತುತ್ತು ಕೊಡದೆ ಅತಿಥಿ ಉಣ್ಣಬಾರದು, ಒಂದೇ ತುತ್ತಾದರೆ ಹಗೆತನ, ಮೂರಾದರೆ ಸ್ನೇಹ.

“ನಾ ಯಾತರ ಹಿರೇಕಿ? ಮನಿಗೆ ಯಜಮಾನ ನನ್ನ ಮಗ ಕುಬೇರ. ಆಂವಗ ಕೊಡಂತ ಹೇಳು” ಎಂದಳು ಅಜ್ಜಿ. ಶಿವಗಂಗಾ ಅದನ್ನೂ ತ್ಸೆಹಾಯ್‌ಗೆ ತಿಳಿಸಿದಳು, ಆದರೆ ಕಾಕಾ ಆಗಲೇ ಹೊಲಕ್ಕೆ ಹೋಗಿದ್ದ.

ತ್ಸೆಹಾಯ್ ತನ್ನ ಊರಿನಿಂದ ತಂದ ಕೆಂಪು ಪುಡಿಯ ಚೀಲ ಬಿಚ್ಚಿ, ರೊಟ್ಟಿಗೆ ಹಚ್ಚಿ ಶಿವಗಂಗಾಳಿಗೂ ಒಂದು ತುತ್ತು ಕೊಟ್ಟಳು. ಶಿವಗಂಗಾಳ ಕಣ್ಣು ಮೂಗೆಲ್ಲ ಸುರಿಯಿತು. ತ್ಸೆಹಾಯ್ ಬಿದ್ದು ಬಿದ್ದು ನಕ್ಕಳು. ಶಿವಗಂಗಾ ನಗಲಿಲ್ಲ.

ಮಧ್ಯಾಹ್ನ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಯ ನಡುವೆ ಇಬ್ಬರೇ ಇದ್ದರು. ಯಾವ ಕ್ಲಾಸು, ಎಲ್ಲಿ ಕೂಡುತ್ತೀ ಎಂದು ಶಿವಗಂಗಾ ತಡವರಿಸುತ್ತ ಕೇಳಿದಳು. ತ್ಸೆಹಾಯ್ ಎಲ್ಲ ಹೇಳಿದಳು. ಮನೆಗೆ ಬಂದ ಶಿವಗಂಗಾ ದೀಪ ಹಚ್ಚುವತನಕ ಅಟ್ಟದ ಕೆಳಗೆ ಕೂತೇ ಇದ್ದಳು. ಆಮೇಲೆ ಎದ್ದು ಬಂದು ಹೇಳಿದಳು:

“ಕಾಕಾ, ನಾಳಿನ ಅಡಿಗಿ ನಾ ಮಾಡ್ತೀನ್ರಿ. ಅಕಿಗೆ ನಮ್ಮ ಕೈರುಚಿ ಗೊತ್ತಾಗಲಿ. ನಾಕು ಹಿರ್‍ಯಾರನ್ನೂ ಕರೀರಿ.”

“ಭೇಷ್! ಸಿಟ್ಟು ಇಳೀತಲ್ಲ ಒಮ್ಮೆ” ಎಂದ ಕಾಕಾ.

ಈಗ ಪಂಕ್ತಿ ಕೂತಿತ್ತು. ನಡುವೆ ತ್ಸೆಹಾಯ್, ಅವಳ ಬಾಜು ಕಾಕಾ, ಆಚೆ ಹೊಳೆಪ್ಪ ಮತ್ತು ಹಿರಿಯರು. ಎಲ್ಲರಿಗೂ ದೊಡ್ಡ ಪಾತ್ರೆಯಿಂದ ಎಣ್ಣಿಗಾಯಿ ಬಿತ್ತು. ತ್ಸೆಹಾಯ್‌ಳ ತಾಟಿಗೆ ಮಾತ್ರ ಸಣ್ಣ ಬೋಗುಣಿಯಿಂದ. ಕಾಕಾನ ತಾಟಿನ ಪಕ್ಕ ಎಂದಿನಂತೆ ಮೊಸರು. ಊರಿಗೆಲ್ಲ ಮೆಣಸಿನಕಾಯಿ ಮಾರುವ ಮನುಷ್ಯ ಮೊಸರಿಲ್ಲದೆ ತುತ್ತು ಎತ್ತುತ್ತಿರಲಿಲ್ಲ.

“ಅವರ ದೇಶದಾಗ ಬರ ಬಿದ್ದೈತಂತ ರೇಡಿಯೋದಾಗ ಹೇಳ್ತಾರ. ಕೈ ಹಿಡದು ನೀಡಬ್ಯಾಡವಾ ಗಂಗವ್ವಾ!” ಹೊಳೆಪ್ಪ ಕೂಗಿದ.

“ಇಲ್ರಿ” ಎಂದು ಶಿವಗಂಗಾ ಬಾಗಿಲ ಮರೆಗೆ ಸರಿದಳು. ಅಂಗೈ ಉರಿಯುತ್ತಿತ್ತು.

ತ್ಸೆಹಾಯ್ ಬದನೆಕಾಯಿಯ ಮಸಾಲೆ ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಅರಳಿತು. ತವರಿಗೆ ಬಂದವಳಂತೆ ನಕ್ಕಳು. ರೊಟ್ಟಿ ಮುರಿದು ಒಂದು ಇಡೀ ಬದನೆಕಾಯಿ ಸುತ್ತಿ, ಕಾಕಾನ ಕಡೆ ತಿರುಗಿ, ಬಾಯಿಗೆ ಹಿಡಿದಳು.

“ಏ, ಏ, ಇದೇನು!”

“ತಗೋ ಕುಬೇರಪ್ಪಾ! ಅತಿಥಿ ಕೈತುತ್ತು, ಒಲ್ಲೆ ಅನಬಾರದು!” ಹೊಳೆಪ್ಪ ನಕ್ಕ.

ಮೊದಲನೆಯದು ಇಳಿಯುವಷ್ಟರಲ್ಲಿ ಎರಡನೆಯದು ಬಂತು. “ಮೂರು, ಮೂರು” ಎನ್ನುತ್ತ ಅಜ್ಜಿಯೇ ಚಪ್ಪಾಳೆ ತಟ್ಟಿದಳು. ಕಾಕಾನ ಕಿವಿ ಕೆಂಪಾಯಿತು. ಕಣ್ಣು, ಮೂಗು, ಮೀಸೆ ಎಲ್ಲ ಒಂದಾಗಿ ಹರಿಯಿತು. ಮೊಸರಿನ ವಾಟಿ ಉರುಳಿತು. ತಂಬಿಗೆ ಬರಿದಾಯಿತು.

“ಮೆಣಸಿನಕಾಯಿ ಸಾವಕಾರ ಅಳಾಕ ಹತ್ಯಾನೋ!” ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತ್ಸೆಹಾಯ್ ಒಬ್ಬಳೇ ಗಾಬರಿಯಾಗಿ, ಅದೇ ಎಣ್ಣಿಗಾಯಿ ತಿನ್ನುತ್ತ ಕೂತಿದ್ದಳು.

“ಪರದೇಶದಾಕಿ ಮ್ಯಾಲಿನ ಸೇಡು ಹಿಂಗ ತೀರಿಸ್ತಿಯೇನಬೇ!” ಕಾಕಾ ಒಳಗಿನ ಬಾಗಿಲಿಗೆ ಗುಡುಗಿದ. “ಅಕಿ ತಾಟಿಗೆ ಇಂಥಾ ಖಾರ?”

ಹಿರಿಯರ ಮುಂದೆ ಎಂದೂ ಹೊಸಿಲು ದಾಟದ ಶಿವಗಂಗಾ ಪಡಸಾಲೆಗೆ ಬಂದು ನಿಂತಳು.

“ಆ ಖಾರ ನಿಮಗಂತನ ಮಾಡಿದ್ದು, ಕಾಕಾ. ನಿನ್ನಿ ಕಣದಾಗ ಈಕಿನ ಹೇಳಿದ್ಲು, ಪರದೇಶದವರ ಸೀಟ ಬ್ಯಾರೆ ಇರ್ತಾವಂತ, ನನ್ನ ಕುರ್ಚಿ ಇವತ್ತಿಗೂ ಈಕಿ ಬಾಜೂಕ ಖಾಲಿ ಬಿದ್ದೈತಂತ, ‘ನಮ್ಮ ಹುಡುಗಿ ಓದಾಕ ಒಲ್ಲೆ ಅಂದಾಳ’ ಅಂತ ನೀವ ಹೋಗಿ ಹೇಳಿ ಬಂದಿದ್ರಂತ.”