ತಿಂಗಳ ಡಾಕ್ಟರು

ಮೊದಲ ಏಟಿಗೇ ಡಾಕ್ಟರ ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಎರಡನೆಯದಕ್ಕೆ ತುಟಿ ಒಡೆಯಿತು.

“ನಿನ್ನೆ ಸಂಜೆ ಬಂದಿದ್ದಳಲ್ಲ, ಎಡಗೆನ್ನೆ ಮೇಲೆ ಮಚ್ಚೆ ಇರೋಳು. ಅವಳಿಗೇನು ಕೆಲಸ ಇಲ್ಲಿ?”

“ರೋಗಿಗಳ ವಿಷಯ ಕಂಡಕಂಡವರಿಗೆಲ್ಲ ಹೇಳೋದಿಲ್ಲ,” ಎಂದರು ಡಾಕ್ಟರು, ರಕ್ತ ಒರೆಸಿಕೊಳ್ಳುತ್ತ.

ಬಂದರಿನಲ್ಲಿ ಕ್ರೇನ್ ಓಡಿಸುವ ಆ ದಾಂಡಿಗನಿಗೆ, ನಾನು ಅವಳ ಗಂಡ ಎನ್ನಲು ನಾಲಿಗೆ ಏಳಲಿಲ್ಲ. ಹೆಂಡತಿ ಕೈತಪ್ಪಿದಳೆಂದು ಯಾವ ಗಂಡಸು ತಾನಾಗಿ ಡಂಗುರ ಸಾರುತ್ತಾನೆ? ಬದಲಿಗೆ ಕುರ್ಚಿ ಎತ್ತಿ ಔಷಧಿ ಬೀರುವಿನ ಗಾಜಿಗೆ ಬೀಸಿದ. ಈಚೆಗೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ.

ಅವನಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಹೆಂಡತಿ ಗುಂಡುಕಲ್ಲಿನ ಹಾಗಿದ್ದಳು, ಒಂದು ದಿನ ನೆಗಡಿಯೆಂದು ಮಲಗಿದವಳಲ್ಲ. ಮಲಗಿದರೂ ಅವನ ಕೆಲಸದ ವಿಮೆ ಇತ್ತು. ದೊಡ್ಡಾಸ್ಪತ್ರೆಯಲ್ಲಿ ಬಿಡಿಗಾಸು ಬಿಚ್ಚಬೇಕಿರಲಿಲ್ಲ. ಈ ಡಾಕ್ಟರ ಬಾಗಿಲಲ್ಲೋ ‘ವಿಮೆ ಇಲ್ಲ, ತಿಂಗಳ ಶುಲ್ಕ ಮಾತ್ರ’ ಎಂಬ ಬೋರ್ಡು. ಅಂಥ ಕಡೆ ಅವಳು ಎಂಟು ತಿಂಗಳಿಂದ ಕದ್ದುಮುಚ್ಚಿ ಕೈಯಿಂದ ದುಡ್ಡು ತೆರುತ್ತಿದ್ದಳು. ಹೋದಾಗಲೆಲ್ಲ ಒಳಗೆ ಒಂದೊಂದು ಗಂಟೆ. ಮನೆಗೆ ಬಂದ ಮೇಲೆ ಇಲ್ಲದ ಅಕ್ಕರೆ: ನಿದ್ದೆ ಬಂತಾ, ತಲೆ ಹೇಗಿದೆ? ತಪ್ಪು ಮಾಡಿದವರೇ ಹೀಗೆ ಉಪಚಾರ ಮಾಡುವುದೆಂದು ಅವನು ತೀರ್ಮಾನಿಸಿಬಿಟ್ಟ.

ಇವತ್ತು ಬೆಳಿಗ್ಗೆ ಅವಳ ಕೈಚೀಲದಲ್ಲಿ ಡಾಕ್ಟರ ಎಂಟು ತಿಂಗಳ ರಸೀದಿಗಳು ಸಿಕ್ಕಿದ್ದವು, ನಿನ್ನೆ ಸಂಜೆಯವರೆಗಿನ ಪ್ರತಿ ಭೇಟಿಯ ಹೊತ್ತಿನ ಸಮೇತ.

“ಎಲ್ಲಾ ಹೇಳ್ತೀನಿ, ಮೊದಲು ಕೂತ್ಕೊಳ್ಳಿ,” ಎಂದಿದ್ದಳು.

ಅವನು ಕೂರಲಿಲ್ಲ. ಕೂದಲು ಹಿಡಿದೆಳೆದು ಅವಳ ತಲೆಯನ್ನು ಅಡುಗೆಕಟ್ಟೆಗೆ ಅಪ್ಪಳಿಸಿದ. ಕುಸಿದವಳು ಮತ್ತೆ ಏಳಲಿಲ್ಲ. ನಾಟಕ ಎಂದುಕೊಂಡು, ಹೊರಗಿನಿಂದ ಬೀಗ ಜಡಿದು ನೇರ ಇಲ್ಲಿಗೆ ಬಂದಿದ್ದ.

ಈಗ ಡಾಕ್ಟರ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. ತಲೆ ಸಿಡಿಯುತ್ತಿತ್ತು. ಎದುರಿನ ಮುಖ ಎರಡೆರಡಾಗಿ ಕಂಡಿತು. ಯಾವುದಕ್ಕೆ ಹೊಡೆಯಲಿ ಎಂದು ಗೊತ್ತಾಗಲಿಲ್ಲ.

“ಬಾಯಿ ಬಿಡ್ತೀಯೋ, ಹಲ್ಲು ಉದುರಿಸಲೋ?”

“ಕೊಂದರೂ ಇಲ್ಲ. ವಿಷಯ ಹೊರಗೆ ಹೋಗಬಾರದು ಅಂತಲೇ ಜನ ನನಗೆ ದುಡ್ಡು ಕೊಡೋದು.”

ಮುಷ್ಟಿ ಪಕ್ಕೆಗೆ ಇಳಿಯಿತು. ಎಲುಬು ಲಟಕ್ಕೆಂದಿತು. ಡಾಕ್ಟರು ನೆಲಕ್ಕುರುಳಿದರು.

“ಅವಳ ಗಂಡ ಕಣೋ ನಾನು!”

ಡಾಕ್ಟರು ಬಿದ್ದಲ್ಲಿಂದಲೇ ತಲೆ ಎತ್ತಿ, ಅವನ ಕಣ್ಣುಗಳನ್ನು ತುಂಬ ಹೊತ್ತು ನೋಡಿದರು.

“ನೀವಾ? ಹಾಗಾದರೆ ಮುಚ್ಚಿಡೋದೇನೂ ಇಲ್ಲ. ಅವರಿಗೆ ಯಾವ ಕಾಯಿಲೆಯೂ ಇಲ್ಲ. ಈ ಎಂಟು ತಿಂಗಳಿಂದ ನನ್ನ ರೋಗಿ ನೀವೇ. ನಿಮ್ಮ ತಲೆನೋವು, ಕಣ್ಣಿಗೆ ಎರಡೆರಡು ಕಾಣೋದು, ಇದ್ದಕ್ಕಿದ್ದ ಹಾಗೆ ಬರೋ ಈ ಸಿಟ್ಟು, ಎಲ್ಲಾ ಬರ್ಕೊಂಡು ಬಂದು ಹೇಳ್ತಿದ್ದರು. ವಿಮೆಯವರ ಮೂಲಕ ಬಂದರಿನವರಿಗೆ ಗೊತ್ತಾದರೆ ನಿಮ್ಮನ್ನ ಕ್ರೇನಿಂದ ಇಳಿಸಿಬಿಡ್ತಾರೆ ಅಂತ ಹೆದರಿದ್ದರು. ನೋಡದೆ ಔಷಧಿ ಕೊಡೋಕಾಗಲ್ಲ, ಒಂದು ಸಲ ಕರ್ಕೊಂಡು ಬನ್ನಿ ಅಂತ ಹೇಳಿ ಹೇಳಿ ನನಗೂ ಸಾಕಾಗಿತ್ತು.”

ಪಕ್ಕೆ ಒತ್ತಿಕೊಂಡು ಎದ್ದ ಡಾಕ್ಟರು ಅವನ ಬೆನ್ನ ಹಿಂದೆ, ಬಾಗಿಲ ಕಡೆ ನೋಡಿದರು.

“ಇವತ್ತು ಹೇಗಾದರೂ ಒಪ್ಪಿಸಿ ಕರ್ಕೊಂಡು ಬರ್ತೀನಿ ಅಂದಿದ್ದರು. ಎಲ್ಲಿ ಅವರು?”