ಕುಮ್ಕಿ

"ನನ್ನ ಹೆಸರು ಯಾಕೆ ಮಾರಾಯ್ತಿ? ನಾನು ಈ ಮನೆಗೆ ಕುಮ್ಕಿ ಇದ್ದ ಹಾಗೆ," ಎಂದು ವಾರಿಜತ್ತೆ ನಿಶಾಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಚೀಟಿಯಲ್ಲಿದ್ದ ತನ್ನ ಹೆಸರಿನ ಮೇಲೆ ಗೆರೆ ಎಳೆದರು. ನವಿ ಮುಂಬಯಿಯ ಸಾನಪಾಡಾದ ಹೊಸ ಫ್ಲ್ಯಾಟಿಗೆ ನೇಮ್‌ಪ್ಲೇಟ್ ಮಾಡಿಸಲೆಂದು ನಿಶಾ ಅಪ್ಪನ, ತಮ್ಮನ, ತನ್ನ ಹೆಸರುಗಳ ಕೆಳಗೆ ಅಪ್ಪನ ಈ ಅಕ್ಕನ ಹೆಸರನ್ನೂ ಬರೆದಿದ್ದಳು.

"ಕುಮ್ಕಿ ಮತ್ಲಬ್?"

"ಊರಲ್ಲಿ ನಮ್ಮ ಗದ್ದೆಗೆ ತಾಗಿ ಒಂದು ಗುಡ್ಡೆ ಉಂಟು. ಸೊಪ್ಪು, ಕಟ್ಟಿಗೆ ಎಲ್ಲ ಅಲ್ಲಿಂದಲೇ ತರುವುದು. ಆದರೆ ಜಾಗ ಸರಕಾರದ್ದು. ಅದಕ್ಕೆ ಕುಮ್ಕಿ ಅನ್ನುವುದು. ಉಪಯೋಗಕ್ಕೆ ಉಂಟು, ರೆಕಾರ್ಡಿನಲ್ಲಿ ಹೆಸರಿಲ್ಲ." ಅತ್ತೆ ನಕ್ಕರು. ಆ ನಗು ನಿಶಾಳಿಗೆ ಹಿಡಿಸಲಿಲ್ಲ. ಅವಳು ಫೋನಿನಲ್ಲಿ ಏನನ್ನೋ ಹುಡುಕಿ ತಲೆಯೆತ್ತಿದಳು.

"ಅತ್ತೆ, ಇದು ನಮ್ಮ ಮರಾಠಿಯ ಕುಮಕ್. ದೋನೋ ಒಂದೇ ಶಬ್ದ, ಅರ್ಥ ಮದದ್, ಸಹಾಯ. ಸ್ಕೂಲಲ್ಲಿ ಇತಿಹಾಸದಲ್ಲಿ ಇತ್ತು. ಕಿಲ್ಲಾದ ಒಳಗೆ ಸಿಕ್ಕಿಬಿದ್ದವರಿಗೆ ಹೊರಗಿಂದ ಫೌಜ್ ಬರ್ತದಲ್ಲ, ಅದು ಕುಮಕ್. ಅದು ಬರದಿದ್ದರೆ ಕಿಲ್ಲಾ ಗಯಾ." ಫೋನ್ ಕೆಳಗಿಟ್ಟು ಕೇಳಿದಳು, "ಅಮ್ಮ ತೀರಿಹೋದಾಗ ನೀವು ಊರಿಂದ ಹೇಗೆ ಬಂದ್ರಿ?"

"ಮತ್ಸ್ಯಗಂಧಾ ರೈಲಿನಲ್ಲಿ. ಸೀಟ್ ಇರಲಿಲ್ಲ, ಬಾಗಿಲ ಹತ್ತಿರ ಕೂತು ಬಂದೆ. ನಿನಗೆ ಮೂರು ವರ್ಷ, ತಮ್ಮ ತೊಟ್ಟಿಲಲ್ಲಿ, ನಿನ್ನಪ್ಪ ಗೋಡೆ ನೋಡ್ತಾ..."

ಅತ್ತೆ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತಾನೇ ಎಳೆದ ಗೆರೆಯ ಮೇಲೆ ಬೆರಳಾಡಿಸಿದರು.

"ರಬ್ಬರ್ ಉಂಟಾ?" ಎಂದು ಕೇಳಿದರು.