ಕೊಚ್ಚದ ಎಳನೀರು

"ತಗಾ, ನೀನೇ ಕೊಚ್ಕೊ," ಎಂದು ಓಬಮ್ಮ ಒಂದು ಕೈಯಲ್ಲಿ ಎಳನೀರು, ಇನ್ನೊಂದು ಕೈಯಲ್ಲಿ ಮಚ್ಚು ಹಿಡಿದು ಮಗನ ಮುಂದೆ ನಿಂತಳು. ತಿಪಟೂರಿನ ಮೈದಾನದಲ್ಲಿ ಓಟಗಾರರು ಆಗಲೇ ಗೆರೆಯ ಹತ್ತಿರ ಸೇರುತ್ತಿದ್ದರು. ಎರಡು ವರ್ಷದ ಸಸ್ಪೆನ್ಷನ್ ಮುಗಿದ ಮೇಲೆ ಹೊನ್ನಪ್ಪ ಓಡಲಿದ್ದ ಮೊದಲ ಕ್ರಾಸ್ ಕಂಟ್ರಿ ಓಟ ಅದು. ಮದ್ದು ತಿಂದು ಓಡಿದವನೆಂದು ಜನ ಬೆರಳು ತೋರಿಸುವುದು ಅವನಿಗೆ ರೂಢಿಯಾಗಿಹೋಗಿತ್ತು.

ಅವನಾಗಿ ತಿಂದದ್ದಲ್ಲ, ಕುಡಿಸಿದ್ದು ಅವ್ವ. ಅವನು ಓಟದ ಸ್ಪರ್ಧೆಗೆಂದು ದಿಲ್ಲಿಗೆ ಹೊರಟಾಗ ಶೀತಕ್ಕೆಂದು ಕೊಟ್ಟ ಕಷಾಯದ ಬಾಟಲಿಗೆ, ತನ್ನ ಉಬ್ಬಸ ನಿಲ್ಲಿಸಿದ್ದು ಮಗನಿಗೂ ಆದೀತೆಂದು, ತನ್ನ ಮಾತ್ರೆಯನ್ನೇ ಅರೆದು ಬೆರೆಸಿದ್ದಳು. ಅಲ್ಲಿ ಓಟಗಾರರಿಗೆ ಮಾಡಿದ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕ ಔಷಧದ ಹೆಸರನ್ನು ಅವಳ ಮಾತ್ರೆ ಡಬ್ಬಿಯ ಮೇಲೆ ಕಂಡ ದಿನ ಹೊನ್ನಪ್ಪನಿಗೆ ಎಲ್ಲ ತಿಳಿಯಿತು. ಅವ್ವನ ಹೆಸರೆತ್ತದೆ, "ನಾನೇ ನುಂಗ್ದೆ" ಎಂದು ಎಲ್ಲರಿಗೂ ಹೇಳಿಬಿಟ್ಟ. ಆದರೆ ಅಂದಿನಿಂದ ಮನೆಯಲ್ಲಿ ಎಳನೀರನ್ನು ಕೂಡ ತಾನೇ ಕೊಚ್ಚಿಕೊಂಡು ಕುಡಿದ. ಯಾಕೆಂದು ಅವ್ವ ಒಂದು ದಿನವೂ ಕೇಳಲಿಲ್ಲ. ಅವಳಿಗೇನೂ ಗೊತ್ತಿಲ್ಲವೆಂದೇ ಅವನು ನಂಬಿದ್ದ.

"ಮೇಲಿನ ಸಿಪ್ಪೆ ಮುಟ್ಟಿದೀನಿ, ಅಷ್ಟೇ ಕಣಪ್ಪ," ಎಂದಳು ಓಬಮ್ಮ, ನೆಲ ನೋಡುತ್ತ. "ಒಳಗಿನ ನೀರಿಗೆ ನನ್ ಕೈ ಸೋಕಿಲ್ಲ."

ಮಚ್ಚಿಗೆಂದು ಚಾಚಿದ್ದ ಹೊನ್ನಪ್ಪನ ಕೈ ಅಲ್ಲೇ ನಿಂತಿತು. ಗೆರೆಯ ಹತ್ತಿರ ಸೀಟಿ ಊದಿದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ನೀನೇ ಕೊಚ್ಚಿ ಕೊಡವ್ವ," ಎಂದವನು ಅವಳಿಗೆ ಬೆನ್ನು ಹಾಕಿ ಶೂ ಲೇಸು ಕಟ್ಟಿಕೊಳ್ಳಲು ಕೂತ.